ಡಚ್‌ನಲ್ಲಿ ‘ಬಂದರೆ, ಹೋದರೆ’ ವಾಕ್ಯಗಳು: ಕ್ರಿಯಾಪದ ಎಲ್ಲಿಡಬೇಕು? ಹಂತ ಹಂತವಾಗಿ

ಡಚ್ ಕಲಿಯುತ್ತಿರುವ ಕನ್ನಡದ ಗೆಳೆಯರ ಬರಹ ತಿದ್ದುವಾಗ ನನಗೆ ಮತ್ತೆ ಮತ್ತೆ ಸಿಗುವ ತಪ್ಪು ಒಂದೇ. ಪದಗಳು ಸರಿ ಇರುತ್ತವೆ, ಕಾಲ ಸರಿ ಇರುತ್ತದೆ, ಆದರೆ ‘ಮಳೆ ಬಂದರೆ ಮನೆಯಲ್ಲೇ ಇರ್ತೀನಿ’ ಅನ್ನುವಂಥ ವಾಕ್ಯ ಬಂತು ಅಂದರೆ ಸಾಕು, ಕ್ರಿಯಾಪದಗಳು ತಪ್ಪು ಜಾಗದಲ್ಲಿ ಕೂತಿರುತ್ತವೆ. ನಿಯಮ ಓದಿಲ್ಲ ಅಂತಲ್ಲ. ಓದಿರುತ್ತಾರೆ, ಕೇಳಿದರೆ ಹೇಳುತ್ತಾರೆ, ಬರೆಯುವಾಗ ಮಾತ್ರ ಕೈ ಬೇರೆ ಕಡೆ ಹೋಗುತ್ತದೆ.

ಕಾರಣ ಸರಳ. ನಾವು ಡಚ್ ಕಲಿಯುವುದು ಇಂಗ್ಲಿಷಿನ ಮೂಲಕ. ಆಪ್ ಇಂಗ್ಲಿಷಿನಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ, ತರಗತಿಯಲ್ಲಿ ಅರ್ಥ ಹೇಳುವುದೂ ಇಂಗ್ಲಿಷಿನಲ್ಲಿ. ಆದರೆ ಈ ಒಂದು ವಿಷಯದಲ್ಲಿ ಇಂಗ್ಲಿಷ್ ನಮ್ಮನ್ನು ದಾರಿ ತಪ್ಪಿಸುತ್ತದೆ, ಕನ್ನಡ ದಾರಿ ತೋರಿಸುತ್ತದೆ. ಷರತ್ತಿನ ಭಾಗದಲ್ಲಿ ಡಚ್‌ನ ಪದಕ್ರಮ ಕನ್ನಡದ ಪದಕ್ರಮಕ್ಕೆ ತುಂಬಾ ಹತ್ತಿರ. ಇದನ್ನು ಹಿಡಿದುಕೊಂಡರೆ ಅರ್ಧ ಕೆಲಸ ಮುಗಿಯಿತು.

## ಶುರು ಮಾಡುವ ಮುಂಚೆ

ಬೇಕಾದದ್ದು ಜಾಸ್ತಿ ಏನಿಲ್ಲ. ಗೆರೆ ಇರುವ ಹಾಳೆ, ಎರಡು ಬಣ್ಣದ ಪೆನ್ನು, ಒಂದಷ್ಟು ಸಣ್ಣ ಚೀಟಿಗಳು. ಕ್ರಿಯಾಪದವನ್ನು ಯಾವಾಗಲೂ ಕೆಂಪಿನಲ್ಲಿ ಬರೆಯಿರಿ, ಉಳಿದದ್ದೆಲ್ಲ ನೀಲಿ. ಮೊದಲ ಎರಡು ವಾರ ಫೋನಿನಲ್ಲಿ ಟೈಪ್ ಮಾಡಬೇಡಿ, ಕೈಯಲ್ಲೇ ಬರೆಯಿರಿ. ಕೆಂಪು ಎಲ್ಲಿ ಬಿತ್ತು ಅನ್ನುವುದು ಕಣ್ಣಿಗೆ ಕಾಣಬೇಕು.

ಡಚ್ ಪದಗಳನ್ನು ಇಲ್ಲಿ ಉಚ್ಚಾರಕ್ಕೆ ಹತ್ತಿರವಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ‘ಖ’ ಅಂತ ಇದ್ದಲ್ಲೆಲ್ಲ ಗಂಟಲಲ್ಲಿ ಉಜ್ಜಿಕೊಂಡು ಬರುವ ಡಚ್ ಸದ್ದು ಅಂತ ಓದಿಕೊಳ್ಳಿ. ‘ಝ’ ಅಂದರೆ ಝೀಬ್ರಾದ ಝ. ಮನೆ ಅನ್ನುವ ಪದಕ್ಕೆ ‘ಹೌಸ್’ ಅಂತ ಬರೆದಿದ್ದೇನೆ, ಅದರ ನಿಜವಾದ ಸ್ವರ ನಮ್ಮ ಲಿಪಿಯಲ್ಲಿ ಇಲ್ಲ, ಡಚ್ಚರ ಬಾಯಲ್ಲೇ ಕೇಳಬೇಕು.

ಒಂದು ಎಚ್ಚರಿಕೆ. ಹಂತಗಳನ್ನು ಹಾರಿಸಬೇಡಿ. ಮೂರನೇ ಹಂತ ಯೋಚಿಸದೆ ಬರುವ ಮುಂಚೆಯೇ ಏಳನೇ ಹಂತಕ್ಕೆ ಹೋದವರು ಎರಡನ್ನೂ ಕಲಸಿಕೊಳ್ಳುತ್ತಾರೆ.

## ಹಂತ 1: ಮೊದಲು ಕನ್ನಡದಲ್ಲಿ ಹೇಳಿ, ‘ರೆ’ ಎಲ್ಲಿದೆ ನೋಡಿ

ಹೇಳಬೇಕಾದದ್ದನ್ನು ಕನ್ನಡದಲ್ಲಿ ಪೂರ್ತಿ ಹೇಳಿಕೊಳ್ಳಿ. ‘ಮಳೆ ಬಂದರೆ ನಾನು ಮನೆಯಲ್ಲಿ ಇರುತ್ತೇನೆ.’ ಯಾವ ಕ್ರಿಯಾಪದಕ್ಕೆ ‘ರೆ’ ಅಂಟಿದೆಯೋ ಆ ತುಂಡು ಷರತ್ತು. ಡಚ್‌ನಲ್ಲಿ ಅದರ ತಲೆಯ ಮೇಲೆ ‘ಆಲ್ಸ್’ ಕೂರುತ್ತದೆ. ಉಳಿದದ್ದು ಮುಖ್ಯ ಭಾಗ. ಎರಡರ ನಡುವೆ ಪೆನ್ನಿನಲ್ಲಿ ಒಂದು ಅಡ್ಡಗೆರೆ ಎಳೆಯಿರಿ.

ನಮ್ಮ ‘ರೆ’ ಕ್ರಿಯಾಪದದ ಬಾಲದಲ್ಲಿ ಇರುತ್ತದೆ, ಅವರ ‘ಆಲ್ಸ್’ ಭಾಗದ ಮೊದಲಲ್ಲೇ ಬರುತ್ತದೆ. ವ್ಯತ್ಯಾಸ ಅಷ್ಟೇ ಅಂತ ಸದ್ಯಕ್ಕೆ ಇಟ್ಟುಕೊಳ್ಳಿ.

## ಹಂತ 2: ಆಲ್ಸ್ ಭಾಗದಲ್ಲಿ ಕ್ರಿಯಾಪದ ಕೊನೆಗೆ

ಡಚ್‌ನ ಸಾದಾ ವಾಕ್ಯದಲ್ಲಿ ಕ್ರಿಯಾಪದ ಎರಡನೇ ಜಾಗದಲ್ಲಿ ಇರುತ್ತದೆ. ‘ಇಕ್ ಹೆಪ್ ಟೈಟ್’, ಅಂದರೆ ನನಗೆ ಸಮಯ ಇದೆ. ಇದರ ಮುಂದೆ ಆಲ್ಸ್ ಬಂದ ಕೂಡಲೇ ಕ್ರಿಯಾಪದ ಎದ್ದು ಆ ಭಾಗದ ಕೊನೆಗೆ ಹೋಗುತ್ತದೆ.

ತಪ್ಪು: ಆಲ್ಸ್ ಇಕ್ ಹೆಪ್ ಟೈಟ್
ಸರಿ: ಆಲ್ಸ್ ಇಕ್ ಟೈಟ್ ಹೆಪ್

ಈಗ ಇದನ್ನು ನೋಡಿ. ‘ನಾನು ನಾಳೆ ಯುಟ್ರೆಖ್ಟ್‌ನಲ್ಲಿ ಒಂದು ಪುಸ್ತಕ ಕೊಂಡರೆ’ ಅನ್ನುವುದು ಡಚ್‌ನಲ್ಲಿ ಹೀಗಾಗುತ್ತದೆ:

ಆಲ್ಸ್ ಇಕ್ ಮೊರ್ಖೆನ್ ಇನ್ ಯುಟ್ರೆಖ್ಟ್ ಎನ್ ಬೂಕ್ ಕೋಪ್

ಇಕ್ ನಾನು, ಮೊರ್ಖೆನ್ ನಾಳೆ, ಇನ್ ಯುಟ್ರೆಖ್ಟ್ ಊರು, ಎನ್ ಬೂಕ್ ಒಂದು ಪುಸ್ತಕ, ಕೋಪ್ ಕೊಳ್ಳು. ಆಲ್ಸ್ ಬಿಟ್ಟರೆ ಸಾಲು ನಮ್ಮದೇ ಅಲ್ವಾ! ಇದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಯೋಚಿಸಿದರೆ ‘ಕೊಳ್ಳು’ ನಾನು ಆದ ಕೂಡಲೇ ಬಂದುಬಿಡುತ್ತದೆ, ಕಾಲವೂ ಊರೂ ಹಿಂದೆ ಉಳಿಯುತ್ತವೆ, ಆಮೇಲೆ ಒಂದೊಂದನ್ನೇ ಎತ್ತಿ ಬೇರೆ ಕಡೆ ಇಡುವ ಕಷ್ಟ. ಅದಕ್ಕೇ ಆಲ್ಸ್ ಭಾಗವನ್ನು ಕನ್ನಡದಿಂದ ನೇರವಾಗಿ ಇಳಿಸಿ. ಇಂಗ್ಲಿಷನ್ನು ಮಧ್ಯೆ ತರಬೇಡಿ.

ಒಂದು ಕಡೆ ಮಾತ್ರ ಹುಷಾರು. ಕನ್ನಡದಲ್ಲಿ ನಾವು ಕರ್ತೃವನ್ನು ಬಿಟ್ಟುಬಿಡುತ್ತೇವೆ, ‘ನಾಳೆ ಬಂದರೆ’ ಅಂದರೆ ಸಾಕು. ಡಚ್‌ನಲ್ಲಿ ಯಾರು ಅಂತ ಹೇಳಲೇಬೇಕು. ಆಲ್ಸ್ ಆದ ಮೇಲೆ ಮೊದಲು ಇಕ್ (ನಾನು), ಯೆ (ನೀನು), ಹೈ (ಅವನು) ಹೀಗೆ ಯಾರೆಂದು ಬರೆದು ಮುಂದೆ ಹೋಗುವುದನ್ನು ಅಭ್ಯಾಸ ಮಾಡಿಕೊಳ್ಳಿ. ಮಳೆಗೂ ಕರ್ತೃ ಬೇಕು, ಅದಕ್ಕೆ ‘ಹೆಟ್’ ಬರುತ್ತದೆ: ಆಲ್ಸ್ ಹೆಟ್ ರೇಖೆಂಟ್.

ಎರಡು ಷರತ್ತು ‘ಎನ್’ ಅಂದರೆ ‘ಮತ್ತು’ (ಮೇಲಿನ ‘ಒಂದು’ ಅನ್ನುವ ಎನ್ ಅಲ್ಲ, ಇದು ಬೇರೆ ಪದ) ಇಂದ ಸೇರಿದಾಗ ತುಂಬಾ ಜನ ಎಡವುತ್ತಾರೆ. ಮೊದಲ ಷರತ್ತಿನಲ್ಲಿ ಕ್ರಿಯಾಪದ ಸರಿಯಾಗಿ ಕೊನೆಗೆ ಹೋಗಿರುತ್ತದೆ, ಎರಡನೆಯದರಲ್ಲಿ ಮರೆತು ಹಳೇ ಜಾಗಕ್ಕೆ ವಾಪಸ್ ಬಂದಿರುತ್ತದೆ. ಆಲ್ಸ್ ಎರಡಕ್ಕೂ ಸೇರಿದ್ದು, ಹಾಗಾಗಿ ಎರಡರಲ್ಲೂ ಕ್ರಿಯಾಪದ ಕೊನೆಗೆ:

ಆಲ್ಸ್ ಹೆಟ್ ರೇಖೆಂಟ್ ಎನ್ ಇಕ್ ಖೇನ್ ಪಾರಾಪ್ಲು ಹೆಪ್, ನೇಮ್ ಇಕ್ ಡೆ ಟ್ರೆಮ್.
(ಮಳೆ ಬಂದು ನನ್ನ ಹತ್ತಿರ ಕೊಡೆ ಇಲ್ಲದಿದ್ದರೆ ಟ್ರಾಮ್ ಹಿಡಿಯುತ್ತೇನೆ.)

## ಹಂತ 3: ಕಾಮಾ ಆದ ಕೂಡಲೇ ಕ್ರಿಯಾಪದ

ಇಲ್ಲಿ ಕನ್ನಡ ಸಹಾಯ ಮಾಡುವುದಿಲ್ಲ, ಇಂಗ್ಲಿಷೂ ಮಾಡುವುದಿಲ್ಲ. ಹೊಸದಾಗಿಯೇ ಕಲಿಯಬೇಕು. ನಿಧಾನವಾಗಿ ಓದಿ.

ಸಾದಾ ವಾಕ್ಯದಲ್ಲಿ ಕ್ರಿಯಾಪದ ಎರಡನೇ ಜಾಗದಲ್ಲಿ ಅಂದೆನಲ್ಲ, ಮುಖ್ಯ ಭಾಗಕ್ಕೂ ಅದೇ ನಿಯಮ. ಆಲ್ಸ್ ಭಾಗ ಎಷ್ಟೇ ಉದ್ದವಿರಲಿ, ಇಡೀ ವಾಕ್ಯದ ಲೆಕ್ಕದಲ್ಲಿ ಅದು ಒಂದೇ ಒಂದು ಜಾಗ, ಮೊದಲನೇ ಜಾಗ. ಅದು ತುಂಬಿತು. ಹಾಗಾದರೆ ಎರಡನೇ ಜಾಗ ಎಲ್ಲಿ? ಕಾಮಾ ಆದ ತಕ್ಷಣ. ಅಲ್ಲಿ ಕ್ರಿಯಾಪದ, ಅದರ ಹಿಂದೆ ಕರ್ತೃ.

ತಪ್ಪು: ಆಲ್ಸ್ ಹೆಟ್ ರೇಖೆಂಟ್, ಇಕ್ ಬ್ಲೈಫ್ ಟೌಸ್.
ಸರಿ: ಆಲ್ಸ್ ಹೆಟ್ ರೇಖೆಂಟ್, ಬ್ಲೈಫ್ ಇಕ್ ಟೌಸ್.
(ಮಳೆ ಬಂದರೆ ಮನೆಯಲ್ಲೇ ಇರುತ್ತೇನೆ.)

ಕೆಂಪು ಪೆನ್ನಿನಲ್ಲಿ ಬರೆದಿದ್ದರೆ ಈಗ ಕಾಮಾದ ಎರಡೂ ಬದಿಗೆ ಕೆಂಪು ಕಾಣಬೇಕು: ‘ರೇಖೆಂಟ್, ಬ್ಲೈಫ್’. ಕೆಂಪು, ಕಾಮಾ, ಕೆಂಪು. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಬರೆದ ಪ್ರತಿ ವಾಕ್ಯದಲ್ಲೂ ಆ ಮೂರನ್ನು ಹುಡುಕಿ. ಕಾಮಾದ ಬಲಗಡೆ ನೀಲಿ ಕಂಡರೆ ನಿಂತುಕೊಳ್ಳಿ.

ಕೆಲವೊಮ್ಮೆ ಕಾಮಾ ಆದ ಮೇಲೆ ‘ಡಾನ್’ ಬರುತ್ತದೆ, ‘ಹಾಗಾದರೆ’ ಅನ್ನುವ ಹಾಗೆ. ಆಗ ಡಾನ್, ಆಮೇಲೆ ಕ್ರಿಯಾಪದ, ಆಮೇಲೆ ಕರ್ತೃ: ಆಲ್ಸ್ ಹೆಟ್ ರೇಖೆಂಟ್, ಡಾನ್ ಬ್ಲೈಫ್ ಇಕ್ ಟೌಸ್. ‘ಡಾನ್ ಇಕ್ ಬ್ಲೈಫ್’ ಅಂತ ಯಾವತ್ತೂ ಬರೆಯಬೇಡಿ. ಡಾನ್ ಹಾಕುವುದು ಕಡ್ಡಾಯ ಅಲ್ಲ, ಆದರೆ ಷರತ್ತು ಉದ್ದವಾದಾಗ ಹಾಕಿದರೆ ಓದುವವರಿಗೆ ಹಗುರ.

ಯಾರಿಗಾದರೂ ಏನಾದರೂ ಮಾಡು ಅಂತ ಹೇಳುವಾಗ ಡಾನ್ ಕ್ರಿಯಾಪದದ ಹಿಂದೆ ಹೋಗುತ್ತದೆ: ಆಲ್ಸ್ ಯೆ ಟೈಟ್ ಹೆಪ್ಟ್, ಬೆಲ್ ಮೆ ಡಾನ್. ಸಮಯ ಇದ್ದರೆ ಫೋನ್ ಮಾಡು.

ಈಗ ಒಂದು ಗೊಂದಲ ಬಗೆಹರಿಸುತ್ತೇನೆ. ಡಚ್ಚರೇ ಒಮ್ಮೊಮ್ಮೆ ‘ಆಲ್ಸ್ ಯೆ ಮೆ ನೋಡಿಖ್ ಹೆಪ್ಟ್, ಇಕ್ ಬೆನ್ ಬೋವೆನ್’ ಅನ್ನುವುದನ್ನು ನೀವು ಕೇಳಬಹುದು. ‘ನಾನು ಬೇಕಿದ್ದರೆ, ಮೇಲೆ ಇದ್ದೀನಿ’ ಅಂತ. ಇಲ್ಲಿ ಕಾಮಾ ಆದ ಮೇಲೆ ಕರ್ತೃ ಬಂದಿದೆ! ಇದು ತಪ್ಪಲ್ಲ. ನಿಮಗೆ ನಾನು ಬೇಕಿದ್ದರೂ ಬೇಡದಿದ್ದರೂ ನಾನು ಮೇಲೆಯೇ ಇದ್ದೇನೆ, ಅಂದರೆ ಎರಡನೇ ಮಾತು ಮೊದಲನೆಯದರ ಫಲ ಅಲ್ಲ, ಸುಮ್ನೆ ಪಕ್ಕದಲ್ಲಿ ಹೇಳಿದ ಮಾಹಿತಿ. ಇಂಥ ಕಡೆ ಮಾತ್ರ ಈ ಕ್ರಮ ನಡೆಯುತ್ತದೆ. ಮೊದಲ ವರ್ಷ ನೀವು ಇದನ್ನು ಕೇಳಿ ಅರ್ಥ ಮಾಡಿಕೊಂಡರೆ ಸಾಕು, ಬಳಸಲು ಹೋಗಬೇಡಿ.

## ಹಂತ 4: ತಿರುಗಿಸಿ ಬರೆಯುವುದು

ಮುಖ್ಯ ಭಾಗ ಮೊದಲು ಬಂದರೆ ಏನೂ ಅದಲುಬದಲು ಇಲ್ಲ: ಇಕ್ ಬ್ಲೈಫ್ ಟೌಸ್ ಆಲ್ಸ್ ಹೆಟ್ ರೇಖೆಂಟ್. ಆಲ್ಸ್ ಭಾಗದಲ್ಲಿ ಕ್ರಿಯಾಪದ ಎಂದಿನಂತೆ ಕೊನೆಗೆ. ಮೂರನೇ ಹಂತದ ಅಭ್ಯಾಸದಲ್ಲಿ ‘ಬ್ಲೈಫ್ ಇಕ್ ಟೌಸ್ ಆಲ್ಸ್…’ ಅಂತ ಶುರು ಮಾಡಿದಿರೋ, ಅದು ‘ನಾನು ಮನೆಯಲ್ಲಿ ಇರ್ತೀನಾ?’ ಅನ್ನುವ ಪ್ರಶ್ನೆ ಆಗಿಬಿಡುತ್ತದೆ.

ತಡವರಿಸುವ ಹೊಸಬರಿಗೆ ಮಾತಾಡುವಾಗ ಈ ಕ್ರಮವೇ ಸುಲಭ. ಪರೀಕ್ಷೆಯ ಬರಹದಲ್ಲಿ ಎರಡನ್ನೂ ಬಳಸಿ.

## ಹಂತ 5: ‘ಯೆ’ ಹಿಂದೆ ಹೋದರೆ ‘ಟ್’ ಬಿದ್ದುಹೋಗುತ್ತದೆ

ಪದಕ್ರಮ ಸರಿಯಾದ ಮೇಲೂ ಉಳಿಯುವ ತಪ್ಪು ಇದು. ‘ನೀನು’ ಅನ್ನುವ ಯೆ ಅಥವಾ ಯೈ ಕ್ರಿಯಾಪದಕ್ಕಿಂತ ಮುಂದೆ ಇದ್ದರೆ ವರ್ತಮಾನ ಕಾಲದಲ್ಲಿ ‘ಟ್’ ಇರುತ್ತದೆ, ಹಿಂದೆ ಹೋದರೆ ‘ಟ್’ ಇರುವುದಿಲ್ಲ. ಷರತ್ತಿನ ವಾಕ್ಯದಲ್ಲಿ ಎರಡೂ ಒಟ್ಟಿಗೇ ಬರುತ್ತವೆ:

ಆಲ್ಸ್ ಯೆ ಟೆ ಲಾಟ್ ಕೊಮ್ಟ್, ಕ್ರೈಖ್ ಯೆ ಖೇನ್ ಕೊಫಿ.
(ತಡವಾಗಿ ಬಂದರೆ ನಿನಗೆ ಕಾಫಿ ಸಿಗಲ್ಲ.)

ಎಡಗಡೆ ‘ಕೊಮ್ಟ್’, ಟ್ ಇದೆ. ಬಲಗಡೆ ‘ಕ್ರೈಖ್’, ಟ್ ಇಲ್ಲ. ‘ನೀವು’ ಅನ್ನುವ ಗೌರವದ ‘ಯು’ ಬಂದರೆ ಮಾತ್ರ ಟ್ ಎಲ್ಲೂ ಬೀಳುವುದಿಲ್ಲ. ಇನ್ನೊಂದು ಬಲೆ ಇದೆ. ಯೆ ಅಂದರೆ ‘ನಿನ್ನ’ ಅಂತಲೂ ಆಗುತ್ತದೆ. ‘ಕೊಮ್ಟ್ ಯೆ ಬ್ರೂರ್’ ಅಂದರೆ ನಿನ್ನ ಅಣ್ಣನೋ ತಮ್ಮನೋ ಬರುತ್ತಾನೆ. ಅಲ್ಲಿ ಬರುವವನು ಅವನು, ನೀನಲ್ಲ, ಹಾಗಾಗಿ ಟ್ ಹಾಗೇ ಇರುತ್ತದೆ.

## ಹಂತ 6: ಕ್ರಿಯಾಪದ ಒಂದಕ್ಕಿಂತ ಜಾಸ್ತಿ ಇದ್ದಾಗ

ಇಲ್ಲಿ ಚೀಟಿಗಳನ್ನು ತೆಗೆಯಿರಿ. ಕ್ರಿಯಾಪದದ ಒಂದೊಂದು ತುಂಡನ್ನೂ ಒಂದೊಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಜೋಡಿಸಿ.

ಮೊದಲು ಬಿಡಿಸಿಕೊಳ್ಳುವ ಕ್ರಿಯಾಪದಗಳು. ಫೋನ್ ಮಾಡುವುದಕ್ಕೆ ‘ಒಪ್‌ಬೆಲ್ಲೆನ್’ ಅನ್ನುತ್ತಾರೆ. ಸಾದಾ ವಾಕ್ಯದಲ್ಲಿ ಅದು ಎರಡಾಗಿ ಒಡೆಯುತ್ತದೆ: ಯೆ ಬೆಲ್ಟ್ ಮೆ ಮೊರ್ಖೆನ್ ಒಪ್. ಆಲ್ಸ್ ಭಾಗದಲ್ಲಿ ‘ಬೆಲ್ಟ್’ ಕೊನೆಗೆ ಹೋಗಿ ಅಲ್ಲೇ ಕಾಯುತ್ತಿದ್ದ ‘ಒಪ್’ ಜೊತೆ ಅಂಟಿಕೊಳ್ಳುತ್ತದೆ, ಒಂದೇ ಪದವಾಗಿ: ಆಲ್ಸ್ ಯೆ ಮೆ ಮೊರ್ಖೆನ್ ಒಪ್‌ಬೆಲ್ಟ್. ‘ಆಲ್ಸ್ ಯೆ ಬೆಲ್ಟ್ ಮೆ ಒಪ್’ ಅಂತ ಬಂದರೆ ಎರಡನೇ ಹಂತ ಇನ್ನೂ ಗಟ್ಟಿಯಾಗಿಲ್ಲ ಅಂತ ಅರ್ಥ.

ಆಮೇಲೆ ಬೇಕು, ಆಗುತ್ತದೆ ಅನ್ನುವ ಕ್ರಿಯಾಪದಗಳು:

ಆಲ್ಸ್ ಇಕ್ ಮೊರ್ಖೆನ್ ಮೂಟ್ ವೆರ್ಕೆನ್, ಕಾನ್ ಇಕ್ ನೀಟ್ ಕೋಮೆನ್.
(ನಾಳೆ ಕೆಲಸ ಮಾಡಬೇಕಾದರೆ ನನಗೆ ಬರೋಕಾಗಲ್ಲ.)

ಎಡಗಡೆ ಎರಡೂ ತುಂಡು ಕೊನೆಯಲ್ಲಿ ಜೊತೆಯಾಗಿವೆ. ಬಲಗಡೆ ‘ಕಾನ್’ ಮಾತ್ರ ಕಾಮಾದ ಪಕ್ಕಕ್ಕೆ ಬಂದಿದೆ, ‘ಕೋಮೆನ್’ ವಾಕ್ಯದ ತುದಿಯಲ್ಲಿ ಉಳಿದಿದೆ. ತುಂಬಾ ಜನ ಎರಡನ್ನೂ ಎಳೆದು ತಂದು ‘ಕಾನ್ ಕೋಮೆನ್ ಇಕ್’ ಮಾಡುತ್ತಾರೆ. ಕಾಮಾದ ಪಕ್ಕ ಬರುವುದು ಕರ್ತೃವಿಗೆ ತಕ್ಕಂತೆ ರೂಪ ಬದಲಿಸುವ ಒಂದೇ ಒಂದು ತುಂಡು.

‘ಮೂಟ್ ವೆರ್ಕೆನ್’ ಅನ್ನಬೇಕೋ ‘ವೆರ್ಕೆನ್ ಮೂಟ್’ ಅನ್ನಬೇಕೋ ಅಂತ ಕೇಳುತ್ತಾರೆ. ಎರಡೂ ಇವೆ, ಮೊದಲನೆಯದೇ ಜಾಸ್ತಿ ಕೇಳಿಸುತ್ತದೆ. ಹಾಗೆಯೇ ‘ಹಾಟ್ ಖೆವೇಟೆನ್’, ‘ಖೆವೇಟೆನ್ ಹಾಟ್’ ಎರಡೂ ಸರಿ. ಡಚ್ ವ್ಯಾಕರಣದಲ್ಲಿ ಇವಕ್ಕೆ ಕೆಂಪು ಕ್ರಮ, ಹಸಿರು ಕ್ರಮ ಅಂತ ಹೆಸರೇ ಇದೆ. ಸಹಾಯಕ ಕ್ರಿಯಾಪದ ಮೊದಲು ಬಂದರೆ ಕೆಂಪು, ಕೊನೆಗೆ ಬಂದರೆ ಹಸಿರು. ಒಂದನ್ನು ಆರಿಸಿಕೊಂಡು ಅದನ್ನೇ ಬರೆಯಿರಿ, ಈ ಯೋಚನೆಯಲ್ಲಿ ಸಮಯ ಕಳೆಯಬೇಡಿ.

ಈ ಕೆಳಗಿನಂಥ ಮೂರು ತುಂಡು ಬಂದಾಗ ಮಾತ್ರ ಆಯ್ಕೆ ಇಲ್ಲ. ‘ನನಗೆ ಬರೋಕೆ ಆಗಿದ್ದಿದ್ದರೆ’ ಅನ್ನುವುದು ‘ಆಲ್ಸ್ ಇಕ್ ಹಾಟ್ ಕುನ್ನೆನ್ ಕೋಮೆನ್’. ನಮ್ಮಲ್ಲಿ ಬರು, ಆಗು, ಇದ್ದಿದ್ದರೆ ಅನ್ನುವ ಸಾಲು. ಅವರಲ್ಲಿ ಇದ್ದಿದ್ದರೆ, ಆಗು, ಬರು. ಪೂರ್ತಿ ಕನ್ನಡಿಯಲ್ಲಿ ನೋಡಿದ ಹಾಗೆ. ಕನ್ನಡವನ್ನು ನೆಚ್ಚಿಕೊಂಡು ಬಂದವರು ಇಲ್ಲಿ ಜಾರುತ್ತಾರೆ, ಅದಕ್ಕೇ ಚೀಟಿ ಜೋಡಿಸಿ ಕೈಯಾರೆ ತಿರುಗಿಸಿ ನೋಡಿ ಅನ್ನುವುದು.

## ಹಂತ 7: ಆಗದೇ ಇದ್ದದ್ದು, ಕಲ್ಪಿಸಿಕೊಂಡದ್ದು

ಪದಕ್ರಮ ಹಳೆಯದೇ, ಕಾಲ ಮಾತ್ರ ಬದಲು. ಈಗ ಇಲ್ಲದ್ದನ್ನು ಕಲ್ಪಿಸಿಕೊಳ್ಳುವಾಗ ಷರತ್ತಿಗೆ ಭೂತಕಾಲ, ಮುಖ್ಯ ಭಾಗಕ್ಕೆ ‘ಝೌ’:

ಆಲ್ಸ್ ಇಕ್ ಟೈಟ್ ಹಾಟ್, ಝೌ ಇಕ್ ಎಲ್ಕೆ ಡಾಖ್ ಲೇಝೆನ್.
(ಸಮಯ ಇದ್ದಿದ್ದರೆ ದಿನಾ ಓದುತ್ತಿದ್ದೆ.)

ಝೌ ಕಾಮಾದ ಪಕ್ಕ, ಲೇಝೆನ್ ತುದಿಗೆ. ಆಲ್ಸ್ ಭಾಗದಲ್ಲೂ ಝೌ ಹಾಕುವುದನ್ನು ಕೇಳಿರುತ್ತೀರಿ, ಅದೂ ನಡೆಯುತ್ತದೆ, ಆದರೆ ಎರಡೂ ಕಡೆ ಝೌ ಇದ್ದರೆ ವಾಕ್ಯ ಭಾರ. ಬರಹದಲ್ಲಿ ಒಂದೇ ಕಡೆ ಇಡಿ.

ಕಳೆದುಹೋದ ಸಂಗತಿಗೆ: ಆಲ್ಸ್ ಇಕ್ ಡಾಟ್ ಹಾಟ್ ಖೆವೇಟೆನ್, ವಾಸ್ ಇಕ್ ನೀಟ್ ಖೆಕೋಮೆನ್. ಅದು ಗೊತ್ತಿದ್ದಿದ್ದರೆ ನಾನು ಬರ್ತಾನೇ ಇರಲಿಲ್ಲ.

## ಹಂತ 8: ಆಲ್ಸ್ ಇಲ್ಲದ ಷರತ್ತು

ಆಲ್ಸ್ ತೆಗೆದರೆ ಕ್ರಿಯಾಪದ ವಾಕ್ಯದ ಮೊದಲಿಗೇ ಬರುತ್ತದೆ: ಹಾಟ್ ಇಕ್ ಡಾಟ್ ಖೆವೇಟೆನ್, ಡಾನ್ ವಾಸ್ ಇಕ್ ನೀಟ್ ಖೆಕೋಮೆನ್. ನೋಡಲು ಪ್ರಶ್ನೆಯ ಹಾಗಿರುತ್ತದೆ, ಅದಕ್ಕೇ ಇಲ್ಲಿ ಡಾನ್ ಇದ್ದರೆ ಒಳ್ಳೆಯದು. ಪುರಸಭೆಯಿಂದಲೋ ವಿಮೆಯವರಿಂದಲೋ ಬಂದ ಪತ್ರದ ಕೊನೆಯಲ್ಲಿ ‘ಮೊಖ್ಟ್ ಯು ಫ್ರಾಖೆನ್ ಹೆಬ್ಬೆನ್, ನೇಮ್ ಡಾನ್ ಕೊಂಟಾಕ್ಟ್ ಮೆಟ್ ಒನ್ಸ್ ಒಪ್’ ಅಂತ ಇದ್ದರೆ ಅದೂ ಇದೇ ಜಾತಿ. ನಿಮಗೇನಾದರೂ ಪ್ರಶ್ನೆ ಇದ್ದರೆ ಸಂಪರ್ಕಿಸಿ ಅಂತ. ಓದಲು ಗೊತ್ತಿರಲಿ, ಬರೆಯುವ ಅಗತ್ಯ ಬೇಗ ಬರುವುದಿಲ್ಲ.

## ಹಂತ 9: ಆಲ್ಸ್ ಹಾಕಬಾರದ ಕಡೆ

ಇಂಗ್ಲಿಷಿನಲ್ಲಿ ‘ಇಫ್’ ಅನ್ನುವ ಒಂದೇ ಪದ ಎರಡು ಕೆಲಸ ಮಾಡುತ್ತದೆ. ‘ಅವನು ಬಂದರೆ’ ಅನ್ನುವುದಕ್ಕೂ ಅದೇ, ‘ಅವನು ಬರ್ತಾನೋ ಇಲ್ವೋ ಗೊತ್ತಿಲ್ಲ’ ಅನ್ನುವುದಕ್ಕೂ ಅದೇ. ಡಚ್‌ನಲ್ಲಿ ಬೇರೆ ಬೇರೆ, ಕನ್ನಡದಲ್ಲೂ ಬೇರೆ ಬೇರೆ. ‘ರೆ’ ಬಂದರೆ ಆಲ್ಸ್. ‘ಓ’ ಬಂದರೆ ‘ಒಫ್’: ಇಕ್ ವೇಟ್ ನೀಟ್ ಒಫ್ ಹೈ ಕೊಮ್ಟ್. ಕನ್ನಡದಲ್ಲಿ ಹೇಳಿಕೊಂಡು ನೋಡಿದರೆ ಇದು ತಪ್ಪುವುದೇ ಇಲ್ಲ.

ಹಿಂದೆ ಒಮ್ಮೆ ನಡೆದದ್ದನ್ನು ‘ಆದಾಗ’ ಅಂತ ಹೇಳುವಾಗ ‘ಟೂನ್’, ಆಲ್ಸ್ ಅಲ್ಲ. ‘ಹೊರತು’ ಅನ್ನುವುದಕ್ಕೆ ‘ಟೆನ್‌ಝೈ’: ಇಕ್ ಕೊಮ್, ಟೆನ್‌ಝೈ ಹೆಟ್ ರೇಖೆಂಟ್. ಈ ಮೂರರಲ್ಲೂ ಕ್ರಿಯಾಪದ ಕೊನೆಗೇ. ಆದರೆ ‘ಇಲ್ಲದಿದ್ದರೆ’ ಅನ್ನುವ ‘ಆಂಡೆರ್ಸ್’ ಡಾನ್ ಥರ, ಅದರ ಬೆನ್ನಿಗೇ ಕ್ರಿಯಾಪದ: ಕೊಮ್ ನ್ಯು, ಆಂಡೆರ್ಸ್ ಮಿಸ್ಸೆನ್ ವೆ ಡೆ ಟ್ರೈನ್. ಈಗ ಬಾ, ಇಲ್ಲದಿದ್ದರೆ ರೈಲು ತಪ್ಪುತ್ತೆ.

## ಬರೆದ ಮೇಲೆ ನೋಡಬೇಕಾದ ಅಪಾಯದ ಗುರುತು

ಬಿ1 ಅಂದರೆ ಮಧ್ಯಮ ಮಟ್ಟದ ಪರೀಕ್ಷೆಗೆ ತಯಾರಾಗುತ್ತಿರುವವರು ಬರಹ ಮುಗಿಸಿ ಕೊನೆಯ ಐದು ನಿಮಿಷ ಇದಕ್ಕೇ ಇಡಿ. ಆಲ್ಸ್ ಇರುವ ವಾಕ್ಯಗಳನ್ನು ಮಾತ್ರ ಹುಡುಕಿ. ಆಲ್ಸ್ ಆಗಿ ಎರಡೇ ಪದಕ್ಕೆ ಕ್ರಿಯಾಪದ ಬಂದು ಅದರ ಮುಂದೆ ಇನ್ನೂ ಪದಗಳಿದ್ದರೆ ಅನುಮಾನ ಪಡಿ. ಕಾಮಾ ಆದ ಮೇಲೆ ಇಕ್, ಯೆ, ಹೈ, ವೆ ಕಂಡರೆ ಬಹುತೇಕ ತಪ್ಪು. ಡಾನ್ ಆದ ಮೇಲೆ ಇವು ಕಂಡರೆ ಖಂಡಿತ ತಪ್ಪು. ಕಾಮಾ ಆದ ಮೇಲಿನ ಕ್ರಿಯಾಪದದಲ್ಲಿ ಟ್ ಇದ್ದು ಪಕ್ಕದಲ್ಲಿ ಯೆ ಇದ್ದರೆ, ಆ ಯೆ ‘ನೀನು’ ಅಂತಲೋ ‘ನಿನ್ನ’ ಅಂತಲೋ ನೋಡಿ.

## ಈಗ ನೀವು ಬರೆಯಿರಿ

ಉತ್ತರ ಮುಚ್ಚಿಕೊಂಡು ಮೊದಲು ನೀವೇ ಪ್ರಯತ್ನಿಸಿ, ಕೆಂಪು ಪೆನ್ನು ಮರೆಯಬೇಡಿ.

1. ನಾಳೆ ಅವನು ಬರದಿದ್ದರೆ ನಾನು ಮನೆಗೆ ಹೋಗುತ್ತೇನೆ.
2. ನಿನಗೆ ಹುಷಾರಿಲ್ಲದಿದ್ದರೆ ಕೆಲಸ ಮಾಡಬೇಕಾಗಿಲ್ಲ.
3. ರೈಲು ತಪ್ಪಿದರೆ ನನಗೆ ಫೋನ್ ಮಾಡು.
4. ಆಗ ದುಡ್ಡು ಇದ್ದಿದ್ದರೆ ಒಂದು ಮನೆ ಕೊಂಡಿರುತ್ತಿದ್ದೆ.
5. ಅವಳು ಬರ್ತಾಳೋ ಇಲ್ವೋ ಗೊತ್ತಿಲ್ಲದಿದ್ದರೆ ಅವಳನ್ನೇ ಕೇಳುತ್ತೇನೆ.

ಉತ್ತರಗಳು:

1. ಆಲ್ಸ್ ಹೈ ಮೊರ್ಖೆನ್ ನೀಟ್ ಕೊಮ್ಟ್, ಖಾ ಇಕ್ ನಾರ್ ಹೌಸ್. ನಮ್ಮ ‘ಬರದಿದ್ದರೆ’ ಒಂದೇ ಪದ, ಅವರಿಗೆ ‘ನೀಟ್’ ಬೇರೆ, ಅದು ಕ್ರಿಯಾಪದದ ಮುಂಚೆ.

2. ಆಲ್ಸ್ ಯೆ ಝೀಕ್ ಬೆಂಟ್, ಹೂಫ್ ಯೆ ನೀಟ್ ಟೆ ವೆರ್ಕೆನ್. ‘ಹೂಫ್ಟ್’ ಬರೆದಿದ್ದರೆ ಐದನೇ ಹಂತಕ್ಕೆ ವಾಪಸ್ ಹೋಗಿ.

3. ಆಲ್ಸ್ ಯೆ ಡೆ ಟ್ರೈನ್ ಮಿಸ್ಟ್, ಬೆಲ್ ಮೆ ಡಾನ್. ಕನ್ನಡದಲ್ಲಿ ತಪ್ಪುವುದು ರೈಲು, ಡಚ್‌ನಲ್ಲಿ ತಪ್ಪಿಸಿಕೊಳ್ಳುವವನು ನೀನು, ಹಾಗಾಗಿ ಯೆ ಕರ್ತೃ.

4. ಆಲ್ಸ್ ಇಕ್ ಟೂನ್ ಖೆಲ್ಟ್ ಹಾಟ್ ಖೆಹಾಟ್, ಹಾಟ್ ಇಕ್ ಎನ್ ಹೌಸ್ ಖೆಕೊಖ್ಟ್. ಇಲ್ಲಿ ಟೂನ್ ಅಂದರೆ ಸುಮ್ನೆ ‘ಆಗ’ ಅಂತ. ಹಸಿರು ಕ್ರಮದಲ್ಲಿ ‘ಖೆಹಾಟ್ ಹಾಟ್’ ಬರೆದಿದ್ದರೂ ಸರಿ.

5. ಆಲ್ಸ್ ಇಕ್ ನೀಟ್ ವೇಟ್ ಒಫ್ ಝೆ ಕೊಮ್ಟ್, ಫ್ರಾಖ್ ಇಕ್ ಹೆಟ್ ಹಾರ್. ‘ವೇಟ್’ ಮಧ್ಯದಲ್ಲಿ ಇದೆಯಲ್ಲ ಅನ್ನಿಸಬಹುದು. ಅದು ತನ್ನ ಭಾಗದ ಕೊನೆಯಲ್ಲೇ ಇದೆ, ಅದಾದ ಮೇಲೆ ‘ಒಫ್’ ಇನ್ನೊಂದು ಭಾಗ ತೆರೆದಿದೆ, ಅದರಲ್ಲೂ ಕ್ರಿಯಾಪದ ಕೊನೆಗೆ. ಕನ್ನಡದಲ್ಲಿ ‘ಬರ್ತಾಳೋ ಇಲ್ವೋ’ ಮೊದಲು ಬರುತ್ತದೆ, ಡಚ್‌ನಲ್ಲಿ ಆ ತುಂಡು ‘ವೇಟ್’ ಆದ ಮೇಲೆ. ಈ ಐದನೆಯದು ಒಂದೇ ಸಲಕ್ಕೆ ಬಂತು ಅಂದರೆ ನೀವು ಕೆಂಪು ಪೆನ್ನನ್ನು ಪಕ್ಕಕ್ಕಿಟ್ಟು ಬರೆಯಲು ಶುರು ಮಾಡಬಹುದು.